ಹಿಂದೆ ಮೂರು ಬೆರಳು ಉದ್ದ

ಅಂಗಡಿಯ ಹಿಂದಿನ ಕೋಣೆಯಿಂದ,
ಹದಿನಾಲ್ಕನೇ ತಾರೀಖು, ಬುಧವಾರ, ಮಧ್ಯಾಹ್ನ

ನನ್ನ ಸೂಜಿಮಲ್ಲಿ,

ಹೇಗಿದ್ದೀಯ ಮಗಳೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಆ ಮ್ಯೂಸಿಯಮ್ಮಿನ ಹಳೇ ನಿಲುವಂಗಿಗಳ ಮುಂದೆ ಕೂತು ಹೊಟ್ಟೆಯನ್ನೇ ಮರೆಯುತ್ತೀಯೋ? ಎಂದೋ ಸತ್ತವರ ಬಟ್ಟೆಗೆ ತೇಪೆ ಹಾಕುವುದಕ್ಕಾಗಿ ಬದುಕಿರುವ ನೀನು ಸೊರಗಬೇಕಾಗಿಲ್ಲ. ಹಾಸ್ಟೆಲಿನ ಹಾಸಿಗೆ ಸರಿಯಿಲ್ಲ, ಬೆಳಿಗ್ಗೆ ಏಳುವಾಗ ಬೆನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ಓಡಾಡಿದರೆ ಸರಿಹೋಗುತ್ತದೆ ಎಂದು ಹೋದ ವಾರ ಫೋನಿನಲ್ಲಿ ಹೇಳಿದ್ದೆಯಲ್ಲ, ಅದನ್ನು ಕೇಳಿದ್ದೇ ನಿನ್ನ ಅಮ್ಮ ಹತ್ತಿ ತರಿಸಿ ಹೊಸ ಹಾಸಿಗೆ ಹೊಲಿಯಲು ಕೂತಿದ್ದಾಳೆ. ಅಂಗಡಿಯ ತುಂಬ ಹತ್ತಿ ಹಾರಾಡುತ್ತಿದೆ. ನಿನ್ನೆ ಬಂದ ಗಿರಾಕಿಯೊಬ್ಬರು ಕಪ್ಪು ಕೋಟಿನ ಟ್ರಯಲ್ ನೋಡಿ ಬಿಳಿ ಕುರಿಯಾಗಿ ಮನೆಗೆ ಹೋದರು. ಶನಿವಾರದ ಪಾರ್ಸೆಲ್‌ನಲ್ಲಿ ಹಾಸಿಗೆ ಬರುತ್ತದೆ, ಹಾಕಿಕೊಂಡು ನೆಮ್ಮದಿಯಾಗಿ ಮಲಗು.

ಕೈಯಲ್ಲಿ ಫೋನಿದ್ದೂ ಅಪ್ಪ ಯಾಕೆ ಕಾಗದ ಬರೆಯುತ್ತಿದ್ದಾನೆ ಎಂದು ನಿನಗೆ ಅನಿಸಬಹುದು. ಕಾರಣವಿದೆ. ಫೋನಿನಲ್ಲಿ ನಾನು ಮುಖ್ಯವಾದ ಮಾತಿಗೆ ಬರುವ ಹೊತ್ತಿಗೆ ಸರಿಯಾಗಿ ನಿನ್ನ ಅಮ್ಮ ಪಕ್ಕದಲ್ಲಿ ನಿಂತು ಕೆಮ್ಮುತ್ತಾಳೆ. ಅವಳು ಕೆಮ್ಮಿದ ಕೂಡಲೇ ನಿನ್ನ ಫೋನಿನ ಸಿಗ್ನಲ್ ಕಡಿದುಹೋಗುತ್ತದೆ. ಒಂದು ಸಲ ಆದರೆ ಕಾಕತಾಳೀಯ ಎನ್ನಬಹುದು. ಪ್ರತಿ ಸಲವೂ ಅಮ್ಮನ ಗಂಟಲಿಗೂ ನಿನ್ನ ಸಿಗ್ನಲ್‌ಗೂ ನಂಟಿದ್ದರೆ ಏನು ತಿಳಿದುಕೊಳ್ಳಬೇಕು? ಕಾಗದಕ್ಕೆ ಆ ಕಾಟವಿಲ್ಲ. ಇದನ್ನು ಕೊನೆಯ ತನಕ ಓದಬೇಕು, ಮಧ್ಯದಲ್ಲಿ ಎದ್ದು ಹೋಗಬಾರದು.

ನನ್ನ ಆರೋಗ್ಯ ಹಾಗೇ ಇದೆ. ಮಾತ್ರೆ ನುಂಗುತ್ತೇನೆ, ಡಾಕ್ಟರು ಬರೆದುಕೊಟ್ಟ ಇಂಜೆಕ್ಷನ್ನಿಗೂ ತಪ್ಪದೆ ಹೋಗುತ್ತೇನೆ. ಆದರೆ ಮಗಳೇ, ಈ ಅಂಗಡಿಯಲ್ಲಿ ಏನೋ ಮಸಲತ್ತು ನಡೆಯುತ್ತಿದೆ ಎಂಬ ಗುಮಾನಿ ನನಗೆ ಎರಡು ತಿಂಗಳಿಂದ ಇತ್ತು. ಮೊದಲು ಮಾಯವಾದದ್ದು ನನ್ನ ಸ್ಟೂಲು. ಕಟಿಂಗ್ ಮೇಜಿನ ಪಕ್ಕದಲ್ಲಿ ನಿನ್ನ ತಾತನ ಕಾಲದಿಂದ ಇದ್ದ ಸ್ಟೂಲು, ಒಂದು ಬೆಳಿಗ್ಗೆ ಬಂದು ನೋಡಿದರೆ ಇಲ್ಲ. ನಮ್ಮ ಇಸ್ತ್ರಿ ಕೆಂಡಪ್ಪನನ್ನು ಕೇಳಿದೆ. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಈಗ ಅವನಿಗೇ ನೆನಪಿಲ್ಲ, ಆದರೆ ಸುಳ್ಳು ಹೇಳುವಾಗ ಇಸ್ತ್ರಿಪೆಟ್ಟಿಗೆಯನ್ನು ನೋಡುತ್ತಾ ಮಾತಾಡುವ ಅಭ್ಯಾಸ ಮಾತ್ರ ಹಾಗೇ ಉಳಿದಿದೆ. "ಕಾಲು ಅಲ್ಲಾಡ್ತಿತ್ತು ಮಾಸ್ಟ್ರೇ, ರಿಪೇರಿಗೆ ಕೊಟ್ಟಿದೀನಿ" ಅಂದ, ಇಸ್ತ್ರಿಪೆಟ್ಟಿಗೆಯನ್ನೇ ನೋಡುತ್ತಾ. ಒಂದು ಸ್ಟೂಲಿನ ಕಾಲು ರಿಪೇರಿಯಾಗಲು ಎರಡು ತಿಂಗಳು ಬೇಕೇ? ಅಷ್ಟರಲ್ಲಿ ಹೊಸ ಮರವೇ ಬೆಳೆಯುತ್ತದೆ.

ಆಮೇಲೆ ಒಂದರ ಹಿಂದೆ ಒಂದು. ಕೈಗೆ ಸಿಗುವಂತೆ ಇದ್ದ ಸೀಮೆಸುಣ್ಣದ ಡಬ್ಬಿ ಎತ್ತರದ ಶೆಲ್ಫಿಗೆ ಹತ್ತಿತು. ಕೈ ಪೂರ್ತಿ ಮೇಲೆತ್ತಿ, ಹಿಮ್ಮಡಿ ಎತ್ತಿ ನಿಂತರೆ ಮಾತ್ರ ಸಿಗುತ್ತದೆ. ಅದನ್ನು ಕೆಳಗಿಳಿಸಿ ಇಟ್ಟರೆ ಮಾರನೇ ದಿನ ಮತ್ತೆ ಮೇಲೆ. ಬಟ್ಟೆ ನೇತುಹಾಕುವ ಸರಳು ಒಂದು ಗೇಣು ಮೇಲಕ್ಕೆ ಹೋಯಿತು. ಅಂಗಡಿಗೇ ಬಂದು ಟೀ ಕೊಡುತ್ತಿದ್ದವನು ಇದ್ದಕ್ಕಿದ್ದಂತೆ "ಇನ್ನು ಮೇಲೆ ನೀವೇ ಬನ್ನಿ ಸಾರ್, ನಮಗೆ ಜನ ಇಲ್ಲ" ಅಂದುಬಿಟ್ಟ. ಆದರೆ ಪಕ್ಕದ ಚಪ್ಪಲಿ ಅಂಗಡಿಗೆ ಅವನೇ ಫ್ಲಾಸ್ಕ್ ಹಿಡಿದು ಬರುವುದನ್ನು ಈ ಎರಡು ಕಣ್ಣಿಂದ ನೋಡಿದ್ದೇನೆ. ಮನೆಯಲ್ಲೂ ಅಷ್ಟೇ. ಗೋಡೆಗೆ ಒತ್ತಿಕೊಂಡಿದ್ದ ನಮ್ಮ ಮಂಚ ಒಂದು ದಿನ ಕೋಣೆಯ ನಡುವೆ ಬಂದು ನಿಂತಿತ್ತು. ಯಾಕೆ ಎಂದರೆ "ಗುಡಿಸೋಕೆ ಸುಲಭ ಅಂತ" ಎಂದಳು ನಿನ್ನ ಅಮ್ಮ. ಇಷ್ಟು ವರ್ಷ ಗುಡಿಸಲಿಲ್ಲವೇ ನೀನು ಎಂದು ಕೇಳುವ ಧೈರ್ಯ ನನಗಿಲ್ಲ, ಅದು ಬೇರೆ ವಿಷಯ.

ನಮ್ಮ ಕೊಡೆ ಮೇಷ್ಟ್ರನ್ನಂತೂ ಮರೆಯುವ ಹಾಗೇ ಇಲ್ಲ. ಬಿಸಿಲೂ ಇಲ್ಲದ ಮಳೆಯೂ ಇಲ್ಲದ ದಿನವೂ ಕಂಕುಳಲ್ಲಿ ಕೊಡೆ ಇಟ್ಟುಕೊಂಡು ಓಡಾಡುವ ನಿನ್ನ ಲೆಕ್ಕದ ಮೇಷ್ಟ್ರು ಈಗ ದಿನಾ ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ಹಾಜರ್. "ಪಾರ್ಕ್ ಹತ್ರ ನಾಯಿಗಳ ಕಾಟ ಜಾಸ್ತಿ ಆಗಿದೆ, ಒಬ್ಬನೇ ಹೋಗೋಕೆ ಭಯ, ಜೊತೆಗೆ ಬನ್ನಿ" ಎನ್ನುತ್ತಾರೆ. ಹೋದೆ. ಆ ಬೀದಿಯ ನಾಯಿಗಳೆಲ್ಲ ಅವರನ್ನು ಕಂಡ ಕೂಡಲೇ ಬಾಲ ಅಲ್ಲಾಡಿಸುತ್ತಾ ಬಂದು ಕಾಲು ನೆಕ್ಕಿದವು. ಒಂದಕ್ಕೆ ಅವರು ಜೇಬಿನಿಂದ ಬಿಸ್ಕತ್ತು ಕೂಡ ತೆಗೆದುಕೊಟ್ಟರು. ಇಷ್ಟು ಕೆಟ್ಟದಾಗಿ ಸುಳ್ಳು ಹೇಳುವ ಮನುಷ್ಯ ನಿನಗೆ ಹೇಗೆ ಲೆಕ್ಕ ಕಲಿಸಿದರೋ ನಾ ಕಾಣೆ.

ಇದನ್ನೆಲ್ಲ ನಾನು ನಗುತ್ತಾ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ, ಆಗ ನನಗೆ ನಗು ಬಂದಿರಲಿಲ್ಲ. ಎದುರಿನ ರೆಡಿಮೇಡ್ ಅಂಗಡಿಯವನು ನಮ್ಮ ಜಾಗದ ಮೇಲೆ ಕಣ್ಣಿಟ್ಟಿರುವುದು ನಿನಗೂ ಗೊತ್ತು. ಒಂದು ಮಧ್ಯಾಹ್ನ ನಾನು ಗುಂಡಿ ತರಲು ಹೋಗಿ ವಾಪಸ್ ಬಂದಾಗ ನಿನ್ನ ಅಮ್ಮ ಟೇಪು ಹಿಡಿದು ನನ್ನ ಕಟಿಂಗ್ ಮೇಜಿನ ಎತ್ತರ ಅಳೆಯುತ್ತಿದ್ದಳು. ಕೆಂಡಪ್ಪ ಬಗ್ಗಿ ಅದರ ಕಾಲು ನೋಡುತ್ತಿದ್ದ. ನನ್ನನ್ನು ಕಂಡದ್ದೇ ಇಬ್ಬರೂ ಏನೂ ಆಗಿಲ್ಲ ಎನ್ನುವಂತೆ ದೂರ ಸರಿದರು. ಒಂದು ಮೇಜನ್ನು ಯಾರಾದರೂ ಯಾಕೆ ಅಳೆಯುತ್ತಾರೆ? ಮಾರುವುದಕ್ಕೆ. ಸ್ಟೂಲು ಹೋಯಿತು, ಮುಂದೆ ಮೇಜು, ಆಮೇಲೆ ನಾನು. ಬೆನ್ನು ಹೋದ ಮಾಸ್ಟರನ್ನು ಮೆಲ್ಲಗೆ ಮನೆಗೆ ಕಳಿಸುವ ಉಪಾಯ ಇದು ಎಂದು ನನಗೆ ಖಾತ್ರಿಯಾಯಿತು. ಆ ಮೇಜಿನ ಮುಂದೆ ನಿಂತು ಕತ್ತರಿ ಹಿಡಿಯದಿದ್ದರೆ ನಾನು ಯಾರು ಮಗಳೇ? ಅದೊಂದೇ ನನಗೆ ಬರುವ ಕೆಲಸ. ಅವತ್ತು ಊಟ ಸೇರಲಿಲ್ಲ ಎಂದು ನಿನಗೆ ಮಾತ್ರ ಹೇಳುತ್ತಿದ್ದೇನೆ.

ಇದಕ್ಕೆಲ್ಲ ಮೂಲ ಆ ಡಾಕ್ಟರು. ನೀನು ಅತ್ತ ಹೊರಟ ಮೇಲೆ ಅಮ್ಮ ನನ್ನನ್ನು ಎಳೆದುಕೊಂಡು ಹೋಗಿ ತೋರಿಸಿದಳಲ್ಲ, ಅಲ್ಲಿಂದ ಶುರು. ನೀನು ಹುಟ್ಟುವ ಮೊದಲಿಂದಲೂ ಬೆಳಿಗ್ಗೆ ನನ್ನ ಬೆನ್ನು ಹಲಗೆಯಾಗುತ್ತಿತ್ತು. ಮೊದಲು ಹಾಸಿಗೆಯನ್ನು ಬೈದೆ, ಬದಲಿಸಿದೆ. ಆಮೇಲೆ ಮಂಚ, ದಿಂಬು, ಕಿಟಕಿಯ ಗಾಳಿ, ಎಲ್ಲವೂ ಬೈಸಿಕೊಂಡವು. ಡಾಕ್ಟರು ಇದು ಬೆನ್ನುಮೂಳೆಯ ಉರಿಯೂತ, ಒಂದು ಜಾತಿಯ ಸಂಧಿವಾತ ಅಂದರು. ಮೂಳೆಗಳು ಒಂದಕ್ಕೊಂದು ಅಂಟಿಕೊಂಡುಬಿಡಬಹುದು, ಬಾಗಿಕೊಂಡೇ ಇದ್ದರೆ ಬಾಗಿದ ಹಾಗೇ ನಿಂತುಬಿಡುತ್ತದೆ ಅಂದರು. ಸರಿ, ಅದಕ್ಕೇನು ಮದ್ದು ಎಂದರೆ, ಮಾತ್ರೆಯ ಜೊತೆಗೆ ನಡೆಯಿರಿ, ಈಜಿರಿ, ಮೈ ಚಾಚಿರಿ, ಕೂತಲ್ಲೇ ಕೂರಬೇಡಿ! ನೋಯುವ ಕಾಲಿಗೆ ವಿಶ್ರಾಂತಿ, ನೋಯುವ ಹಲ್ಲಿಗೆ ವಿಶ್ರಾಂತಿ, ನೋಯುವ ಬೆನ್ನಿಗೆ ಮಾತ್ರ ಓಟವೇ? ಸವೆದ ಬಟ್ಟೆಯನ್ನು ಇನ್ನಷ್ಟು ಎಳೆದರೆ ಹರಿಯುತ್ತದೆ ಎಂದು ಗೊತ್ತಿರುವ ಮನುಷ್ಯ ನಾನು. ಅಂಥವನಿಗೆ ಇದನ್ನು ನಂಬು ಎಂದರೆ ಹೇಗೆ ನಂಬಲಿ?

ಅವರು ಕಳಿಸಿದ್ದು ಫಿಸಿಯೋ ಮೇಡಂ ಹತ್ತಿರ. ಆಕೆ ನನ್ನನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ತಲೆಯ ಹಿಂಭಾಗ ಗೋಡೆಗೆ ತಾಗಿಸಿ ಅಂದರು. ತಾಗಲಿಲ್ಲ. ನಡುವಿನ ಸಂದಿಗೆ ಟೇಪು ಹಿಡಿದು ಅಳೆದರು. ಜೀವಮಾನವೆಲ್ಲ ಊರಿಗೆ ಟೇಪು ಹಿಡಿದ ನನಗೇ ಟೇಪು! ಸಾಲದ್ದಕ್ಕೆ ಅದರ ತುದಿ ಗೋಡೆಗೆ ತಾಗಿರಲೇ ಇಲ್ಲ. ಗೋಡೆಗೆ ಒತ್ತಿ ಹಿಡಿಯಿರಿ ಎಂದು ನಾನೇ ಹೇಳಿಕೊಡಬೇಕಾಯಿತು, ಒತ್ತಿ ಹಿಡಿದಾಗ ಸಂದಿ ಇನ್ನೂ ಹೆಚ್ಚು ಬಂತು, ಹೇಳಿಕೊಡಬಾರದಿತ್ತು. "ಇದು ಇನ್ನೂ ಕಚ್ಚಾ ಹೊಲಿಗೆ ಅಂದ್ಕೊಳ್ಳಿ ಮಾಸ್ಟ್ರೇ, ಪಕ್ಕಾ ಹೊಲಿಗೆ ಬೀಳೋ ಮುಂಚೆ ನೆಟ್ಟಗೆ ಮಾಡ್ಕೊಳ್ಳೋಣ" ಅಂದರು. ನನ್ನ ಕಸುಬಿನ ಮಾತು ಆಡಿ ನನ್ನನ್ನು ಒಲಿಸಿಕೊಳ್ಳಲು ನೋಡುತ್ತಿದ್ದಾರೆ ಎಂದು ಅಲ್ಲೇ ಎಚ್ಚರವಾದೆ. ಆಮೇಲೆ "ಮನೇಲಿ ಬೇರೆ ಯಾರಿಗಾದ್ರೂ ಹೀಗಿದ್ಯಾ?" ಎಂದು ಕೇಳಿದರು. ಪಿತ್ತ ನೆತ್ತಿಗೇರಿತು. ನನ್ನ ಬೆನ್ನು ನೋಡಲು ಕರೆದರೆ ನಮ್ಮ ವಂಶದ ಮೇಲೇ ಅನುಮಾನವೇ? ಯಾರಿಗೂ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿ ಬಂದೆ.

ಅವರು ಹೇಳಿಕೊಟ್ಟ ವ್ಯಾಯಾಮವನ್ನು ಕೆಲವು ದಿನ ಮಾಡಿದೆ, ಬಿಟ್ಟೆ. ಯಾಕೆ ಬಿಟ್ಟೆ ಗೊತ್ತೇ? ನನ್ನ ಹತ್ತಿರ ಸಾಕ್ಷಿ ಇತ್ತು. ಮನುಷ್ಯ ಬಾಗಿದ್ದಾನೋ ಇಲ್ಲವೋ ಎಂದು ತಿಳಿಯಲು ಟೈಲರಿಗೆ ಗೋಡೆ ಬೇಕಾಗಿಲ್ಲ, ಅವನ ಅಂಗಿಯ ಅಂಚು ಸಾಕು. ಬೆನ್ನು ಗೂನಾದರೆ ಅಂಗಿಯ ಹಿಂದಿನ ಅಂಚು ಮೇಲಕ್ಕೆ ಎಳೆದುಕೊಳ್ಳುತ್ತದೆ, ಮುಂದಿನದು ಜೋಲುತ್ತದೆ. ನಿನಗೆ ಚಿಕ್ಕವಳಿದ್ದಾಗಲೇ ಹೇಳಿಕೊಟ್ಟಿದ್ದೇನೆ. ನಾನು ಟ್ರಯಲ್ ಕೋಣೆಯ ಕನ್ನಡಿಯ ಮುಂದೆ ದಿನಾ ಅಡ್ಡ ನಿಂತು ನೋಡುತ್ತಿದ್ದೆ. ನನ್ನ ಅಂಗಿಯ ಅಂಚು ಹಿಂದೆ ಮುಂದೆ ನೆಲಕ್ಕೆ ಸಮ, ಗೆರೆ ಎಳೆದ ಹಾಗೆ. ಗೋಡೆ ಸುಳ್ಳು ಹೇಳಬಹುದು, ಮೇಡಂ ಟೇಪು ಸುಳ್ಳು ಹೇಳಬಹುದು, ನಾನೇ ಕತ್ತರಿಸಿದ ಅಂಗಿ ನನಗೆ ಸುಳ್ಳು ಹೇಳುತ್ತದೆಯೇ? ಹಾಗೆಂದು ಗೆದ್ದವನಂತೆ ಕನ್ನಡಿಗೆ ಮೀಸೆ ತಿರುವಿ ಬಂದು ಕೂರುತ್ತಿದ್ದೆ. ಸ್ಟೂಲು ಇದ್ದ ಕಾಲದ ಮಾತು.

ಒಂದು ವಿಷಯ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಕೆಂಡಪ್ಪ ನನ್ನ ಅಂಗಿಗಳನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ. ಇಸ್ತ್ರಿ ಮಾಡಿದ್ದೇ ಹ್ಯಾಂಗರಿಗೆ ಹಾಕಿ ಗುಂಡಿ ಹಾಕಿಬಿಡುತ್ತಿದ್ದ. ನಾನು ಮಡಿಸಲು ಹೋದರೆ ಓಡಿ ಬಂದು ಕಿತ್ತುಕೊಳ್ಳುತ್ತಿದ್ದ. ಇಷ್ಟು ಮರ್ಯಾದೆ ಅವನಿಂದ ನಾನು ಎಂದೂ ಕಂಡವನಲ್ಲ. ಹೋದ ಗುರುವಾರ ಅವನು ಊಟಕ್ಕೆ ಹೋದ ಸಮಯ ನೋಡಿ, ನನ್ನ ನೀಲಿ ಅಂಗಿಯನ್ನು ಮೇಜಿನ ಮೇಲೆ ಹರಡಿದೆ. ಭುಜಕ್ಕೆ ಭುಜ, ಪಕ್ಕಕ್ಕೆ ಪಕ್ಕ ಸರಿಯಾಗಿ ಕೂರಿಸಿ ಮಡಿಸಿದೆ. ಹಿಂದಿನ ತುಂಡು ಮುಂದಿನದಕ್ಕಿಂತ ಮೂರು ಬೆರಳು ಕೆಳಗೆ ಇಳಿದಿತ್ತು. ಬಿಳಿ ಅಂಗಿ ತೆಗೆದೆ, ಅದೂ ಹಾಗೇ. ಗೆರೆಯ ಅಂಗಿಯಲ್ಲಿ ಎರಡು ಬೆರಳು, ಅದು ಸ್ವಲ್ಪ ಹಳೆಯದು. ಒಳಗೆ ತಿರುಗಿಸಿ ಹೊಲಿಗೆ ನೋಡಿದೆ. ನಾನು ಕತ್ತರಿಸಿದ ಹಿಂದಿನ ತುಂಡನ್ನು ಬಿಚ್ಚಿ, ಅದೇ ಥಾನಿನ ಬಟ್ಟೆಯಲ್ಲಿ ಬೇರೆ ತುಂಡು ಕತ್ತರಿಸಿ ಕೂರಿಸಲಾಗಿತ್ತು. ದಾರದ ಕೊನೆಯಲ್ಲಿ ಎರಡು ಸುತ್ತಿನ ಸಣ್ಣ ಗಂಟು. ಆ ಗಂಟು ಹಾಕುವವಳು ಈ ಬೀದಿಯಲ್ಲಿ ಒಬ್ಬಳೇ, ನಿನ್ನ ಅಮ್ಮ.

ನಮ್ಮ ಕಸುಬಿನ ಈ ಪದ್ಧತಿ ನಿನಗೆ ಗೊತ್ತು. ಗೂನು ಇರುವ ಗಿರಾಕಿ ಬಂದರೆ ಗೂನು ಎಂಬ ಮಾತು ನಮ್ಮ ಬಾಯಿಗೆ ಬರಬಾರದು. ಅಳತೆ ತೆಗೆಯುವಾಗ ಹವಾಮಾನ ಮಾತಾಡಬೇಕು. ಹಿಂದೆ ಉದ್ದ ಬಿಟ್ಟು, ಮುಂದೆ ಗಿಡ್ಡ ಮಾಡಿ, ಒಂದು ಭುಜಕ್ಕೆ ಒಳಗಿಂದ ಹತ್ತಿ ಇಟ್ಟು ಹೊಲಿಯಬೇಕು. ಅವನು ಕನ್ನಡಿಯಲ್ಲಿ ನೆಟ್ಟಗೆ ಕಾಣಬೇಕು, ಖುಷಿಯಾಗಿ ಹೋಗಬೇಕು. ನಾನೇ ನಿನ್ನ ಅಮ್ಮನಿಗೆ ಮದುವೆಯಾದ ಹೊಸತರಲ್ಲಿ ಹೇಳಿಕೊಟ್ಟ ವಿದ್ಯೆ. ಆ ವಿದ್ಯೆಯನ್ನು ಅವಳು ನನ್ನ ಮೇಲೇ ಪ್ರಯೋಗ ಮಾಡಿದ್ದಾಳೆ. ನಾನು ಗಿರಾಕಿಯಾಗಿಬಿಟ್ಟಿದ್ದೆ ಮಗಳೇ, ನನ್ನ ಅಂಗಡಿಯಲ್ಲೇ. ಆ ನೀಲಿ ಅಂಗಿಯ ಮೇಲೆ ಕೈಯಿಟ್ಟು ನಿಂತಾಗ ಅಳು ಬಂತು. ಸಿಟ್ಟಿಗೋ ನಾಚಿಕೆಗೋ ಗೊತ್ತಾಗಲಿಲ್ಲ. ಗೋಡೆ ನಿಜ ಹೇಳಿತ್ತು, ಟೇಪು ನಿಜ ಹೇಳಿತ್ತು. ನಾನು ಬಾಗಿದ್ದೆ.

ಅವಳನ್ನು ಕರೆದು ಅಂಗಿ ತೋರಿಸಿದೆ. ಜಗಳಕ್ಕೆ ಸಿದ್ಧನಾಗಿಯೇ ಇದ್ದೆ. ಅವಳು ವಾದ ಮಾಡಲಿಲ್ಲ. ನೀನು ಹೊರಟ ದಿನ ಸ್ಟೇಷನ್ನಿನಲ್ಲಿ ತೆಗೆದ ಫೋಟೋದಲ್ಲಿ ನಾನು ನಿನ್ನ ಪೆಟ್ಟಿಗೆಗಿಂತ ಗಿಡ್ಡ ಕಾಣುತ್ತಿದ್ದೆನಂತೆ. ಆ ಫೋಟೋ ನನಗೆ ಯಾಕೆ ತೋರಿಸಲಿಲ್ಲ ಎಂದು ನಾನು ಆಗಾಗ ಕೇಳುತ್ತಿದ್ದೆನಲ್ಲ, ಅದಕ್ಕೆ. "ಕನ್ನಡಿ ಮುಂದೆ ನಿಂತಾಗ ನಿಮ್ಮ ಮುಖ ಸಣ್ಣಗಾಗೋದನ್ನ ನನ್ನ ಕೈಲಿ ನೋಡೋಕಾಗ್ತಿರಲಿಲ್ಲ" ಅಂದಳು. ಅಷ್ಟೇ ಅಂದಳು. ಆದರೆ ನೋಡು ಎಂಥ ಎಡವಟ್ಟು. ನನ್ನ ಮನಸ್ಸು ನೋಯದಿರಲಿ ಎಂದು ಅವಳು ಹೊಲಿದಷ್ಟೂ ನಾನು ಕನ್ನಡಿ ನಂಬಿದೆ, ಕನ್ನಡಿ ನಂಬಿದಷ್ಟೂ ವ್ಯಾಯಾಮ ಬಿಟ್ಟೆ, ಬಿಟ್ಟಷ್ಟೂ ಬಾಗಿದೆ, ಬಾಗಿದಷ್ಟೂ ಅವಳು ಇನ್ನೊಂದು ಬೆರಳು ಉದ್ದ ಬಿಟ್ಟಳು. ಹೀಗೇ ಬಿಟ್ಟಿದ್ದರೆ ಇಬ್ಬರೂ ಸೇರಿ ಪ್ರೀತಿಯಿಂದಲೇ ನನ್ನನ್ನು ಬಿಲ್ಲು ಮಾಡಿಬಿಡುತ್ತಿದ್ದೆವು.

ಸರಿ, ಅಂಗಿಯ ಕಳ್ಳತನ ನಿನ್ನದು, ಸ್ಟೂಲು ಯಾರದ್ದು ಎಂದು ಕೇಳಿದೆ. ಅವಳು ಕೆಮ್ಮಿದಳು. ಆ ಕೆಮ್ಮಿನ ಅರ್ಥ ನನಗೆ ಗೊತ್ತು. ನೇರ ಹೋಗಿ ಕೆಂಡಪ್ಪನನ್ನು ಹಿಡಿದೆ, ಇಸ್ತ್ರಿಪೆಟ್ಟಿಗೆಯನ್ನು ಅವನ ಕಣ್ಣಿಗೆ ಕಾಣದಂತೆ ಬಚ್ಚಿಟ್ಟು ಪ್ರಶ್ನೆ ಕೇಳಿದೆ. ನೋಡಲು ಏನೂ ಸಿಗದೆ ಬಾಯಿಬಿಟ್ಟ. ಎಲ್ಲವೂ ನಿನ್ನ ಕಿತಾಪತಿ! ಅಲ್ಲಿ ಕೂತುಕೊಂಡೇ ಫೋನಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪಾಠ ಹೇಳಿಕೊಟ್ಟಿದ್ದೀಯ. ಹೇಳಿದರೆ ಅಪ್ಪ ಕೇಳಲ್ಲ, ಅವರಿಗೇ ಗೊತ್ತಾಗದ ಹಾಗೆ ಮಾಡಿಸಿ ಎಂದೆಯಂತೆ. ಟೀ ಅಂಗಡಿಯವನಿಗೂ ನೀನೇ, ಮೇಷ್ಟ್ರ ನಾಯಿಗೂ ನೀನೇ. ಅಮ್ಮ ಮೇಜು ಅಳೆದದ್ದು ಮಾರುವುದಕ್ಕಲ್ಲ, ನಾನು ಬಗ್ಗದೆ ಕತ್ತರಿಸುವಂತೆ ಕಾಲಿನ ಕೆಳಗೆ ಮರದ ತುಂಡು ಇಡುವುದಕ್ಕೆ. ಈಗ ಇಟ್ಟಿದ್ದಾರೆ. ಮೇಜು ನನ್ನ ಹೊಟ್ಟೆಯ ಮಟ್ಟಕ್ಕೆ ಬಂದಿದೆ, ಕತ್ತರಿ ಚೆನ್ನಾಗಿ ಓಡುತ್ತದೆ ಎಂದು ಒಪ್ಪಿಕೊಳ್ಳಲು ನನಗೆ ಮನಸ್ಸಿಲ್ಲ, ಆದರೂ ಓಡುತ್ತದೆ.

ಕೆಂಡಪ್ಪ ನಿನ್ನ ಮಾತನ್ನು ನಿನ್ನದೇ ದನಿಯಲ್ಲಿ ಆಡಿ ತೋರಿಸಿದ, ನಗು ತಡೆಯಲಾಗಲಿಲ್ಲ. "ಬೆಳಿಗ್ಗೆ ಬಂದ ತಕ್ಷಣ ಅಪ್ಪನ್ನ ಕೂರಿಸಬೇಡ, ಕೂತರೆ ಮತ್ತೆ ಬಿಗಿಯತ್ತೆ. ಬೆನ್ನಿಗೆ ಬಿಸಿನೀರು ಬಿದ್ದಮೇಲೇ ಕೈ ಮೇಲೆತ್ತೋ ಕೆಲಸ ಕೊಡು, ಅದಕ್ಕೂ ಮುಂಚೆ ಕೊಟ್ರೆ ಉಸಿರು ಸಿಕ್ಕಿಕೊಳ್ಳತ್ತೆ. ಮಂಚ ಗೋಡೆಗೆ ಒತ್ತಿಸಬೇಡಿ, ಮಗ್ಗುಲು ಬದಲಿಸೋಕೆ ಎರಡು ಕಡೆನೂ ಪಟ್ಟಿ ಹಿಡ್ಕೋಬೇಕು." ಮಗ್ಗುಲಾಗಲು ನಾನು ಮಂಚದ ಪಟ್ಟಿ ಹಿಡಿದು ಎಳೆದುಕೊಳ್ಳುವುದು ನನಗೂ ಆ ಪಟ್ಟಿಗೂ ಮಾತ್ರ ಗೊತ್ತು ಎಂದುಕೊಂಡಿದ್ದೆ. ನಿನ್ನ ಅಮ್ಮ ನಿದ್ದೆಯಲ್ಲೂ ಬೇಹುಗಾರಿಕೆ ಮಾಡಿ ನಿನಗೆ ವರದಿ ಒಪ್ಪಿಸುತ್ತಾಳೆ ಎಂದಾಯಿತು. ಈ ಮನೆಯಲ್ಲಿ ಹೆಂಡತಿ ಒಂದು ಪಕ್ಷ, ಮಗಳು ಇನ್ನೊಂದು ಪಕ್ಷ, ಎರಡಕ್ಕೂ ಕೆಲಸ ಮಾಡುವವಳು ಅದೇ ಹೆಂಡತಿ. ನಾನು ಯಾರನ್ನು ನಂಬಬೇಕು?

ಇರಲಿ, ಆಮೇಲಿನ ಸುದ್ದಿ ಹೇಳುತ್ತೇನೆ. ಅವತ್ತೇ ಒಂದು ಅಂಗಿ ಕತ್ತರಿಸಿದೆ, ನನ್ನ ಹಳೇ ಅಳತೆಗೆ, ಹಿಂದೆ ಮುಂದೆ ಸರಿಸಮ. ಅದನ್ನೇ ಹಾಕಿಕೊಂಡು ಅಂಗಡಿಗೆ ಬರುತ್ತೇನೆ. ಹಿಂದೆ ಅಂಚು ಮೇಲಕ್ಕೆ ಹಾರುತ್ತದೆ, ಬೀದಿಗೆಲ್ಲ ಕಾಣುತ್ತದೆ, ಕಾಣಲಿ. ಆ ಅಂಚು ಒಂದಿಷ್ಟಾದರೂ ಕೆಳಗಿಳಿಯಬೇಕು, ಇಳಿಯದಿದ್ದರೂ ಇನ್ನು ಮೇಲೇರಬಾರದು, ಇಷ್ಟು ನನ್ನ ಹಟ. ಮೇಷ್ಟ್ರ ಜೊತೆ ಪಾರ್ಕನ್ನು ದಾಟಿ ಕೆರೆಯ ತನಕ ಹೋಗುತ್ತೇನೆ, ಬಿಸ್ಕತ್ತು ಈಗ ನನ್ನ ಜೇಬಿನಲ್ಲೂ ಇರುತ್ತದೆ. ಹೊರಡುವಾಗ ಹಲಗೆಯಾಗಿದ್ದ ಬೆನ್ನು ವಾಪಸ್ ಬರುವಾಗ ಸ್ವಲ್ಪ ಬೆನ್ನಾಗಿರುತ್ತದೆ. ಮಾತ್ರೆಯಿಂದಲೋ ನಡಿಗೆಯಿಂದಲೋ ಎಂಬ ಅನುಮಾನ ನನಗೆ ಇನ್ನೂ ಹೋಗಿಲ್ಲ. ಮೊನ್ನೆ ನಮ್ಮ ಬೀದಿಯ ಮನೆಗಳ ಮೊದಲನೇ ಮಹಡಿಯಲ್ಲಿ ಹಸಿರು ಕಿಟಕಿಗಳಿವೆ ಎಂದು ಕಂಡೆ. ಎಷ್ಟೋ ಕಾಲದಿಂದ ನಾನು ಜನರ ಚಪ್ಪಲಿ ನೋಡಿಯೇ ಗುರುತು ಹಿಡಿಯುತ್ತಿದ್ದೆ ಎಂದು ಆಗ ಹೊಳೆಯಿತು.

ಫಿಸಿಯೋ ಮೇಡಂ ಬೆಳಿಗ್ಗೆ ಆಸ್ಪತ್ರೆಯ ಹಿಂದಿನ ಹಾಲ್‌ನಲ್ಲಿ ಒಂದು ಕೂಟ ನಡೆಸುತ್ತಾರೆ. ಎಲ್ಲರಿಗೂ ಇದೇ ಕಾಯಿಲೆ. ಕತ್ತು ತಿರುಗದೆ ಮೈಯನ್ನೇ ತಿರುಗಿಸಿ ಮಾತಾಡುವ ಬಸ್ ಡ್ರೈವರ್ ಒಬ್ಬ, ಹೋಟೆಲಿನ ಅಡುಗೆಯವನೊಬ್ಬ. ತಲೆಯ ಮೇಲಿಂದ ಹಿಂದಕ್ಕೆ ಚೆಂಡು ದಾಟಿಸುವ ಆಟ. ಅಡುಗೆಯವನು ಮೋಸ ಮಾಡುತ್ತಾನೆ, ಪಕ್ಕದಿಂದ ದಾಟಿಸುತ್ತಾನೆ, ನಾನು ಕಣ್ಣಿಟ್ಟಿದ್ದೇನೆ. ಅವನನ್ನು ಸೋಲಿಸಬೇಕೆಂದೇ ಒಂದು ದಿನವೂ ತಪ್ಪಿಸದೆ ಹೋಗುತ್ತಿದ್ದೇನೆ, ಹಾಗೆ ಹೋಗಲಿ ಎಂದೇ ಮೇಡಂ ಅವನನ್ನು ನನ್ನ ಎದುರು ತಂಡಕ್ಕೆ ಹಾಕಿದ್ದಾರೋ ಏನೋ. ಅಲ್ಲಿ ನಿನ್ನ ವಯಸ್ಸಿನ ಹುಡುಗಿಯೊಬ್ಬಳಿದ್ದಾಳೆ. ಇದು ವಯಸ್ಸಾದವರ ರೋಗವಲ್ಲವೇ, ಇವಳಿಗೆ ಹೇಗೆ ಎಂದು ಕೇಳಿದೆ. ಇದು ಶುರುವಾಗುವುದೇ ಆ ವಯಸ್ಸಿನಲ್ಲಿ, ನಿಮಗೂ ಆಗಲೇ ಶುರುವಾಗಿತ್ತು, ನೀವು ಹಾಸಿಗೆಯನ್ನು ಬೈಯುತ್ತಾ ಕೂತಿರಿ ಅಂದರು ಮೇಡಂ. ಪಾಪ, ಆ ಹುಡುಗಿ ನಗುನಗುತ್ತಾ ಆಡುತ್ತಾಳೆ, ನಮ್ಮೆಲ್ಲರಿಗಿಂತ ನೆಟ್ಟಗಿದ್ದಾಳೆ. ಬೇಗ ಬಂದವಳು.

ಇಷ್ಟು ಸಾಕು. ನಿನ್ನ ಮೇಲೆ ಕೋಪವಿದೆ, ಆದರೆ ಕಾಗದ ಮುಗಿಯುವ ಹೊತ್ತಿಗೆ ಅರ್ಧ ಇಳಿದಿದೆ. ಮೇಷ್ಟ್ರು ನಿನ್ನನ್ನು ಕೇಳಿದ್ದಾರೆಂದು ಬರೆಯಲು ಹೇಳಿದರು, ಕೆಂಡಪ್ಪ ಕ್ಷಮಿಸಬೇಕಂತೆ, ಮಾತು ಉಳಿಸಿಕೊಳ್ಳಲಾಗಲಿಲ್ಲವಂತೆ. ನಿನ್ನ ಕೈ ಸೇರಿದ ಹಳೇ ಬಟ್ಟೆಗಳೆಲ್ಲ ಹರಿಯದೆ ಬಹುಕಾಲ ಬಾಳಲಿ, ನೀನು ಅವಕ್ಕಿಂತ ಗಟ್ಟಿಯಾಗಿ ಬಾಳು.

ಇನ್ನೂ ಮೇಜು ಬಿಟ್ಟುಕೊಡದ,
ನಿನ್ನ ಅಪ್ಪ

ತಾ.ಕ.: ಅಂಟಿಸಿದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ, ಟಪಾಲು ಹೊರಡುವ ಹೊತ್ತಾಯಿತು. ಅಂಟಿಸುವ ಮುಂಚೆ ಒಂದು ಸಲ ಓದಿ ನೋಡಿದೆ. ಅಂಟಿಸಿ ಎದ್ದವನು, ಮಂಚದ ಪಟ್ಟಿಯ ವಿಷಯ ಮಗಳಿಗೆ ಯಾಕೆ ಹೇಳಿದೆ ಎಂದು ನಿನ್ನ ಅಮ್ಮನನ್ನು ಕೇಳಿದೆ. "ಯಾವ ಪಟ್ಟಿ?" ಎಂದಳು. ಕೆಮ್ಮಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಿಲ್ಲ. ನಾನು ಡಾಕ್ಟರಿಗೂ ಹೇಳಿಲ್ಲ, ಮೇಡಂಗೂ ಹೇಳಿಲ್ಲ, ನಾಚಿಕೆಯಾಗಿ ಯಾರಿಗೂ ಹೇಳಿಲ್ಲ. ಬಿಸಿನೀರಿಗೆ ಮುಂಚೆ ಕೈ ಎತ್ತಿದರೆ ಉಸಿರು ಸಿಕ್ಕಿಕೊಳ್ಳುವುದನ್ನೂ ಹೇಳಿಲ್ಲ. ಹಾಗಾದರೆ ನಿನಗೆ ಯಾರು ಹೇಳಿದರು? ಎರಡು ತಿಂಗಳು ಎಲ್ಲರನ್ನೂ ಅನುಮಾನಿಸಿದೆ, ಅನುಮಾನಿಸಬೇಕಾದ ಒಂದು ಮಾತನ್ನು ಮೊದಲ ಪ್ಯಾರಾದಲ್ಲೇ ನನ್ನ ಕೈಯಾರೆ ಬರೆದು ಮುಂದೆ ಹೋದೆ. ಹಾಸಿಗೆ ಕಳಿಸುತ್ತಿಲ್ಲ ಮಗಳೇ. ನಿನ್ನ ಹಾಸಿಗೆಯ ತಪ್ಪು ಏನೂ ಇಲ್ಲ. ಈ ಕಾಗದ ಕೈ ಸೇರಿದ ದಿನವೇ ಅಲ್ಲಿ ಒಳ್ಳೆಯ ಡಾಕ್ಟರಿಗೆ ತೋರಿಸು, ಅಪ್ಪನಿಗೆ ಇದೆ ಎಂದು ಮೊದಲು ಅದನ್ನೇ ಹೇಳು. ನಾನೂ ಮೇಡಂಗೆ ಹೋಗಿ ಹೇಳುತ್ತೇನೆ, ಮನೆಯಲ್ಲಿ ಇನ್ನೊಬ್ಬರಿಗೆ ಇರಬಹುದು ಎಂದು. ಹಾಸಿಗೆಯ ಬದಲು ಪಾರ್ಸೆಲ್‌ನಲ್ಲಿ ಒಂದು ಅಂಗಿ ಬರುತ್ತದೆ, ನಿನ್ನ ಹೋದ ವರ್ಷದ ಅಳತೆಗೆ ನಾನೇ ಕತ್ತರಿಸಿದ್ದು, ಹಾಕಿಕೊಂಡು ಹಿಂದಿನ ಅಂಚು ನೋಡಿಕೋ. ಆಮೇಲೆ ದಿನಾ ಬೆಳಿಗ್ಗೆ ಫೋನ್ ಮಾಡುತ್ತೇನೆ, ಫೋನನ್ನು ನೆಲದ ಮೇಲೆ ಇಡು, ನಾನೂ ಇಡುತ್ತೇನೆ, ಇಬ್ಬರೂ ಬೋರಲು ಮಲಗಿ ಮೈ ಚಾಚುತ್ತಾ ಮಾತಾಡೋಣ. ಸಿಗ್ನಲ್ ಇಲ್ಲ ಎನ್ನಬೇಡ. ಅಮ್ಮನಿಗೆ ನಾನಿನ್ನೂ ಹೇಳಿಲ್ಲ. ಅಂಗಿ ನಿನ್ನ ಕೈ ಸೇರಿದ ಮೇಲೆ ಹೇಳುತ್ತೇನೆ. ಈಗಲೇ ಹೇಳಿದರೆ ಹಿಂದಿನ ತುಂಡನ್ನು ಬಿಚ್ಚಿ ಕೂರುತ್ತಾಳೆ.